ದುಡ್ಡು ಕೊಟ್ಟು ದುಡಿಯೋಕೆ ಹೊರಟವಳು

ನನ್ನ ವಾರಗಿತ್ತಿಗೆ ಸೂಜಿಗೆ ದಾರ ಪೋಣಿಸೋಕೆ ಆಗಲ್ಲ. ಕನ್ನಡಕ ಹಾಕಿದ್ರೂ ಸೂಜಿಯ ಕಣ್ಣು ಎರಡಾಗಿ ಕಾಣುತ್ತಂತೆ. ಹತ್ತೊಂಬತ್ತು ವರ್ಷ ದಿನಾ ಬೆಳಗ್ಗೆ ಸೂಜಿ ಒಂದು ಕೈಲಿ, ನೀಲಿ ದಾರ ಇನ್ನೊಂದು ಕೈಲಿ ಹಿಡ್ಕೊಂಡು ನನ್ನ ಕಡೆ ಚಾಚಿ "ಅಕ್ಕಾ, ಸ್ವಲ್ಪ" ಅಂತಿದ್ಲು. ನಾನು "ನಿನ್ನ ಸೂಜಿಗೆ ದಾರ ಹಾಕೋದೇ ನನ್ನ ಕೆಲಸವಾಗೋಯ್ತು" ಅಂತ ಗೊಣಗ್ತಾ ಪೋಣಿಸಿ ಕೊಡ್ತಿದ್ದೆ.

ನಮ್ಮದು ದೊಡ್ಡಾಸ್ಪತ್ರೆಯ ಹೊಲಿಗೆ ಕೋಣೆ. ನೆಲದ ಕೆಳಗಿನ ಅಂತಸ್ತು, ಪಕ್ಕದಲ್ಲೇ ಬಟ್ಟೆ ಒಗೆಯೋ ಯಂತ್ರಗಳು, ಗೋಡೆ ಯಾವಾಗಲೂ ಬೆಚ್ಚಗೆ. ಮೂರೇ ಜನ. ಬಟ್ಟೆ ಕತ್ತರಿಸೋಳು ಒಬ್ಬಳು, ಅವಳನ್ನ ಕತ್ತರಿಯಮ್ಮ ಅಂತೀವಿ. ಹೊಲಿಯೋರು ನಾವಿಬ್ಬರು. ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ರೋಗಿಗಳ ನಿಲುವಂಗಿ ಎಲ್ಲ ನಮ್ಮ ಕೈಯಿಂದಲೇ ಮೇಲಕ್ಕೆ ಹೋಗಬೇಕು. ಇಲ್ಲಿ ಒಂದು ಕಟ್ಟುನಿಟ್ಟು ಇದೆ: ಹೊಲಿದವರು ಮೂಲೆಯಲ್ಲಿ ತಮ್ಮ ಬಣ್ಣದ ದಾರದಲ್ಲಿ ಕೈಹೊಲಿಗೆ ಮೂರು ಹಾಕಬೇಕು. ನಾಳೆ ಹೊಲಿಗೆ ಬಿಚ್ಚಿಕೊಂಡ್ರೆ ಯಾರ ಕಿವಿ ಹಿಂಡಬೇಕು ಅಂತ ಗೊತ್ತಾಗಲಿ ಅಂತ. ನನ್ನದು ಕೆಂಪು, ಅವಳದು ನೀಲಿ.

ಇವಳನ್ನ ಇಲ್ಲಿಗೆ ಕರ್ಕೊಂಡು ಬಂದವಳೇ ನಾನು. ನನ್ನ ಮೈದುನನ್ನ ಮದುವೆಯಾಗಿ ಮನೆಗೆ ಬಂದಾಗ ನೆಟ್ಟಗೆ ಒಂದು ಗೆರೆ ಹೊಲಿಯೋಕೆ ಬರ್ತಿರಲಿಲ್ಲ ಮಹಾರಾಯ್ತಿಗೆ. ನನ್ನ ಪಕ್ಕದ ಯಂತ್ರದಲ್ಲಿ ಕೂರಿಸಿ, ಬೈದು ಬೈದು ಕಲಿಸಿದೆ. ಈಗ ನೋಡಿ! ಎಲ್ಲರ ಬಾಯಲ್ಲೂ ಅವಳೇ. ಜೇಬಿನಲ್ಲಿ ಸದಾ ಒಂದು ಡಬ್ಬಿ ತುಂಬ ಗುಂಡಿ ಇಟ್ಕೊಂಡಿರ್ತಾಳೆ. ಯಾರ ಅಂಗಿಯ ಗುಂಡಿ ಕಿತ್ತಿದ್ರೂ, ಮೆಟ್ಟಿಲ ಮೇಲೇ ನಿಲ್ಲಿಸಿ ಹಾಕಿಕೊಡ್ತಾಳೆ. ದೊಡ್ಡ ಡಾಕ್ಟರೂ ಬಗ್ಗಿ "ಗುಂಡಿಯಕ್ಕಾ, ಚೆನ್ನಾಗಿದ್ದೀರಾ?" ಅಂತಾರೆ. ಆ ಗುಂಡಿ ಹಾಕೋ ಸೂಜಿಗೆ ದಾರ ಪೋಣಿಸಿದ್ದು ಯಾರು ಅಂತ ಒಬ್ಬನೂ ಕೇಳಲ್ಲ. ನನಗೆ ಅಲ್ಲಿ ಇಟ್ಟಿರೋ ಹೆಸರು ಹದ್ದು. ತಪ್ಪು ಬೇಗ ಕಣ್ಣಿಗೆ ಬೀಳುತ್ತಲ್ಲ, ಅದಕ್ಕೆ.

ಮನೆಯಲ್ಲೂ ಅದೇ ರಾಮಾಯಣ. ಅತ್ತೆ ಇರೋ ತನಕ "ಚಿಕ್ಕವಳ ಕೈಗುಣವೇ ಬೇರೆ" ಅಂತಿದ್ರು. ಅತ್ತೆ ಹೋದ ಮೇಲೆ ಆ ಕೆಲಸ ನನ್ನ ಗಂಡ ವಹಿಸಿಕೊಂಡ್ರು. ಹೊಟ್ಟೆಕಿಚ್ಚಾ ಅಂತ ಕೇಳಿದ್ರೆ ಹೌದು, ಹೊಟ್ಟೆಕಿಚ್ಚೇ. ಅದನ್ನ ಸುತ್ತಿ ಬಳಸಿ ಹೇಳೋದು ಯಾಕೆ?

ಏಳು ವರ್ಷದ ಹಿಂದೆ ಅಣ್ಣತಮ್ಮಂದಿರು ಸೇರಿ ಒಂದು ಲೆಕ್ಕ ಹಾಕಿದ್ರು, ನಾಲ್ಕೂ ಜನ ಒಂದು ಸಲ ಹೊರದೇಶ ನೋಡಿ ಬರೋಣ ಅಂತ. ಒಂದೇ ದಿನ ಸಾಲಲ್ಲಿ ನಿಂತು ನಾಲ್ಕು ಪಾಸ್‌ಪೋರ್ಟ್ ಮಾಡಿಸಿದ್ವಿ. ಅಷ್ಟರಲ್ಲಿ ಮೈದುನ ಮಲಗಿದವನು ಏಳಲೇ ಇಲ್ಲ. ಮಕ್ಕಳಿಲ್ಲದ ಅವಳು ಮಹಡಿಯ ಮೇಲಿನ ಎರಡು ಕೋಣೆಯಲ್ಲಿ ಒಬ್ಬಳೇ ಉಳಿದ್ಲು. ನನ್ನ ಪಾಸ್‌ಪೋರ್ಟ್ ಪೆಟ್ಟಿಗೆಯ ತಳ ಸೇರಿತು. ಆಗೊಮ್ಮೆ ಈಗೊಮ್ಮೆ ತೆಗೆದು ಖಾಲಿ ಪುಟ ತಿರುವಿ ನೋಡಿ ಮತ್ತೆ ಇಡ್ತಿದ್ದೆ.

ಹೀಗಿರುವಾಗ ಒಂದು ದಿನ ಚಹದ ಹೊತ್ತಿಗೆ ಅವಳು ಮೆಲ್ಲಗೆ ಅಂದ್ಲು, "ಅಕ್ಕಾ, ನಾನು ಎಂಟು ವಾರ ಹೊರದೇಶಕ್ಕೆ ಹೋಗ್ತೀನಿ. ಅಲ್ಲೊಂದು ಹೆಂಗಸರ ಆಶ್ರಯಮನೆ ಇದೆಯಂತೆ. ಹನ್ನೊಂದು ಜನಕ್ಕೆ ಹೊಲಿಗೆ ಹೇಳಿಕೊಡಬೇಕು. ಸ್ವಯಂಸೇವೆ."

"ಎಷ್ಟು ಕೊಡ್ತಾರೆ?" ಅಂದೆ.

"ಅವರು ಕೊಡಲ್ಲ ಅಕ್ಕಾ. ನಾವೇ ಕೊಡಬೇಕು."

ಕತ್ತರಿಯಮ್ಮ ಬಾಯಲ್ಲಿದ್ದ ಚಹಾ ಉಗುಳಿದ್ಲು. ನಾನು ಬಿದ್ದು ಬಿದ್ದು ನಕ್ಕೆ. "ಅಯ್ಯೋ, ದುಡ್ಡು ಕೊಟ್ಟು ದುಡಿಯೋಕೆ ಹೋಗ್ತಾರಾ ಯಾರಾದ್ರೂ? ಬಾ, ನನಗೆ ಕೊಡು, ನನ್ನ ಹೊದಿಕೆ ಎಲ್ಲ ನಿನ್ನ ಕೈಲೇ ಹೊಲಿಸ್ತೀನಿ!" ಅವಳೂ ನಕ್ಕಳು. ಆದ್ರೆ ನನ್ನ ಒಳಗೆ ಬೆಂಕಿ ಬಿತ್ತು. ಇವಳಿಗೆ ಕಲಿಸಿದವಳು ನಾನು. ಇವಳು ಹೋಗಿ ಅಲ್ಲಿ ಮೇಷ್ಟ್ರು ಆಗ್ತಾಳಂತೆ!

ಮೈದುನ ಸತ್ತಾಗ ಅವನ ಕಾರ್ಖಾನೆಯವರು ಕೊಟ್ಟಿದ್ದ ಹಣ, ಆರು ವರ್ಷ ಮುಟ್ಟದೆ ಇಟ್ಟಿದ್ಲು. ಅದನ್ನೇ ಇದಕ್ಕೆ ಹಾಕ್ತಾಳಂತೆ. "ಅವರ ಜೊತೆ ಹೋಗೋದು ಆಗಲಿಲ್ಲ, ಅವರ ದುಡ್ಡಲ್ಲಾದ್ರೂ ಹೋಗ್ತೀನಿ" ಅಂದ್ಲು. ಅವಳಿಗೆ ಅದು ಬರೀ ಪ್ರಯಾಣ ಅಲ್ಲ ಅಂತ ನನಗೆ ಆಗಲೇ ಗೊತ್ತಿತ್ತು. ಗೊತ್ತಿಲ್ಲ ಅಂತ ಸುಳ್ಳು ಹೇಳಲ್ಲ.

ಮಾರನೇ ದಿನ ಆ ಸಂಸ್ಥೆಯವರ ಕಾಗದ ತಂದ್ಲು. ಎಂಟು ಪುಟ, ಇರುವೆ ಸಾಲಿನಂಥ ಅಕ್ಷರ. "ಅಕ್ಕಾ, ಏನೇನು ಸೇರಿದೆ, ಏನೇನು ಸೇರಿಲ್ಲ ಅಂತ ನೀನೇ ಓದಿ ಹೇಳು. ನೀನು ಸರಿ ಅಂದ ಮೇಲೆ ಹಣ ಕಟ್ತೀನಿ. ಕಟ್ಟಿದ ಮೇಲೆ ವಾಪಸ್ ಇಲ್ವಂತೆ."

ಓದಿದೆ. ಇಬ್ಬರಿಗೆ ಒಂದು ಕೋಣೆ, ಎರಡು ಹೊತ್ತಿನ ಊಟ, ವಿಮಾನ ನಿಲ್ದಾಣದಿಂದ ಕರ್ಕೊಂಡು ಹೋಗೋ ಗಾಡಿ, ಮೊದಲ ಮೂರು ದಿನದ ತರಬೇತಿ, ಕಷ್ಟ ಬಂದ್ರೆ ಫೋನ್ ಎತ್ತೋಕೆ ಒಬ್ಬ ಮನುಷ್ಯ, ಆಶ್ರಯಮನೆಗೆ ಒಂದು ಪಾಲು. ಇಷ್ಟು ಸೇರಿತ್ತು. ಇದನ್ನೆಲ್ಲ ಗುಣುಗುಣು ಅಂತ ಓದಿದೆ. ಸೇರದೇ ಇದ್ದದ್ದು ಬಂದಾಗ ದನಿ ತಾನೇ ಏರಿತು.

"ವಿಮಾನದ ಟಿಕೆಟ್ ಸೇರಿಲ್ಲ, ಕೇಳಿಸ್ತಾ?"

"ಹೂಂ ಅಕ್ಕಾ. ಅದನ್ನ ಅವರು ಹೇಳಿದ ಮೇಲೇ ತಗೋಬೇಕಂತೆ. ದುಡ್ಡು ಬೇರೆ ತೆಗೆದಿಟ್ಟಿದೀನಿ."

"ವೀಸಾ, ಅಲ್ಲಿ ಇಳಿದ ಮೇಲೆ ನೀನೇ ಕಟ್ಟಬೇಕು!"

"ಆಗಲಿ."

"ವಿಮೆ ಸೇರಿಲ್ಲ. ಮಧ್ಯಾಹ್ನದ ಊಟ ಸೇರಿಲ್ಲ. ಕತ್ತರಿ, ಟೇಪು, ದಾರ ಎಲ್ಲ ನಿಂದೇ. ಏನೇ ಇದು, ಹಗಲು ದರೋಡೆ!"

"ಮಧ್ಯಾಹ್ನ ನಾನು ಅಷ್ಟೊಂದು ತಿನ್ನಲ್ವಲ್ಲ ಅಕ್ಕಾ" ಅಂದ್ಲು. ನಾನು ಹೆದರಿಸಿದಷ್ಟೂ ಅವಳು ತಣ್ಣಗೆ ಒಂದೊಂದನ್ನೇ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರ್ಕೊಂಡ್ಲು. ನನ್ನ ಬಾಯಿ ಒಣಗಿತು, ಅವಳ ತಯಾರಿ ಮುಗೀತು.

ಕೊನೇ ಪುಟ ತಿರುವಿದೆ. ಅಲ್ಲಿತ್ತು. ಆ ದೇಶಕ್ಕೆ ಹೋಗೋರು ಒಂದು ಇಂಜೆಕ್ಷನ್ ಹಾಕಿಸ್ಕೊಂಡಿರಬೇಕು. ಶುಲ್ಕದಲ್ಲಿ ಸೇರಿಲ್ಲ. ಎರಡು ಸಲ, ನಡುವೆ ನಾಲ್ಕು ವಾರ. ಹೊರಡೋಕೆ ಎರಡು ವಾರ ಮುಂಚೆ ಅದರ ಕಾರ್ಡು ಕಚೇರಿಗೆ ತಲುಪದಿದ್ರೆ ಜಾಗವೂ ಇಲ್ಲ, ಹಣವೂ ಇಲ್ಲ.

ನಾನು ಕಾಗದ ಮಡಚಿದೆ. "ಅಷ್ಟೇ" ಅಂದೆ.

ಅವಳು ಮಧ್ಯಾಹ್ನವೇ ಹೋಗಿ ಹಣ ಕಟ್ಟಿ ಬಂದ್ಲು.

ನಾಳೆ ಹೇಳಿದ್ರಾಯ್ತು, ಒಂದು ದಿನ ಆಟ ಆಡಿಸೋಣ ಅಂತಲೇ ಇತ್ತು ನನಗೆ, ಆಣೆಗೂ. ಮಾರನೇ ದಿನ ಬುಧವಾರ, ಹೊದಿಕೆಯ ಕಟ್ಟು ಹೊತ್ತು ಎರಡನೇ ಮಹಡಿಯ ಇಂಜೆಕ್ಷನ್ ಕೋಣೆಗೆ ಹೋದೆ. ಗೋಡೆ ಮೇಲೆ ಅದೇ ಇಂಜೆಕ್ಷನ್ನಿನ ಹೆಸರಿನ ಹಾಳೆ ಅಂಟಿಸಿತ್ತು. ಎಷ್ಟಾಗುತ್ತೆ ಅಂತ ಸುಮ್ಮನೆ ಕೇಳಿದೆ. ನರ್ಸು ಹುಡುಗಿ ಮುಖ ಅರಳಿಸಿ, "ಸಿಬ್ಬಂದಿಗೆ ಉಚಿತ ಅಮ್ಮಾ. ಯಾಕೆ, ಹೊರದೇಶಕ್ಕೆ ಹೊರಟಿದ್ದೀರಾ?" ಅಂದ್ಲು.

ಜೀವನದಲ್ಲಿ ಯಾರೂ ನನ್ನನ್ನ ಆ ಮಾತು ಕೇಳಿರಲಿಲ್ಲ. "ಹೂಂ" ಅಂದೆ. ಎಲ್ಲಿಗೆ, ಎಷ್ಟು ದಿನ, ಯಾಕೆ ಅಂತ ಅವಳು ಕೇಳ್ತಾ ಹೋದ್ಲು. ನಾನು ಹೇಳ್ತಾ ಹೋದೆ, ಹನ್ನೊಂದು ಹೆಂಗಸರು, ಎಂಟು ವಾರ, ಹೊಲಿಗೆ. "ಎಷ್ಟು ಒಳ್ಳೆಯವರು ನೀವು!" ಅಂದ್ಲು. ಹಾಲು ಕುಡಿದಷ್ಟು ಸಂತೋಷ ಆಯ್ತು. ಆ ಸಂತೋಷದಲ್ಲೇ ತೋಳು ಚಾಚಿಬಿಟ್ಟೆ. ಚುಚ್ಚಿ, ಕಾರ್ಡಿನ ಮೇಲೆ ತಾರೀಖಿನ ದಪ್ಪ ಮೊಹರು ಒತ್ತಿ ಕೈಗಿಟ್ಲು.

ಆಮೇಲೆ ಹೇಗೆ ಹೇಳೋದು? ಹೇಳಿದ್ರೆ ಇವಳು ಅದೇ ಕೋಣೆಗೆ ಹೋಗ್ತಾಳೆ. ಆ ನರ್ಸು "ನಿಮ್ಮಕ್ಕ ನಿನ್ನೆ ತಾನೇ ಹಾಕಿಸ್ಕೊಂಡ್ರಲ್ಲ" ಅಂತಾಳೆ. ಬಾಯಿಗೆ ಬೀಗ ಬಿತ್ತು.

ಗುರುವಾರ ತೋಳು ಎತ್ತೋಕೆ ಆಗಲಿಲ್ಲ, ಮೈ ಕಾವು. ಯಂತ್ರದ ಮುಂದೆ ಮುಲುಗ್ತಾ ಕೂತಿದ್ದೆ. ಅವಳು ನೋಡಿದವಳೇ ನನ್ನ ಮುಂದಿದ್ದ ರಾಶಿ ತನ್ನ ಕಡೆ ಎಳ್ಕೊಂಡ್ಲು. "ಭಾರ ಎತ್ತಿ ನರ ಹಿಡಿದಿರಬೇಕು, ನೀನು ಸುಮ್ಮನೆ ಕೂತ್ಕೋ." ತನ್ನ ಪಾಲಿನ ಜೊತೆಗೆ ನನ್ನ ನಲವತ್ತು ದಿಂಬಿನ ಚೀಲ ಹೊಲಿದ್ಲು. ನನ್ನ ಹೆಸರಿಗೆ ಕಡಿಮೆ ಬೀಳದಿರಲಿ ಅಂತ ನಲವತ್ತಕ್ಕೂ ಮೂಲೆಯಲ್ಲಿ ಕೆಂಪು ದಾರವನ್ನೇ ಹಾಕಿದ್ಲು. ಆ ಕೆಂಪು ದಾರವನ್ನೂ ಪೋಣಿಸಿ ಕೊಟ್ಟಿದ್ದು ನಾನೇ, ಎಡಗೈಯಲ್ಲಿ. ನೋಡ್ತಾ ನೋಡ್ತಾ ನನಗೆ ಅವಳ ಮೇಲೆ ಇನ್ನೂ ಸಿಟ್ಟು ಬಂತು. ಇಷ್ಟೊಂದು ಒಳ್ಳೆಯವಳಾಗಿರೋಕೆ ಇವಳಿಗೆ ಯಾರು ಹೇಳಿದ್ದು?

ನಾಲ್ಕು ವಾರ ಆದ ಮೇಲೆ ನರ್ಸೇ ಫೋನ್ ಮಾಡಿದ್ಲು. ಹೋಗಿ ಎರಡನೇದೂ ಹಾಕಿಸ್ಕೊಂಡೆ. ಅರ್ಧಕ್ಕೆ ಬಿಡೋದು ನನ್ನ ಜಾಯಮಾನದಲ್ಲಿಲ್ಲ.

ಅವಳು ಹೊರಡೋಕೆ ಹದಿನೈದು ದಿನ ಉಳಿದಿತ್ತು. ಹನ್ನೊಂದು ಟೇಪು, ಹನ್ನೊಂದು ಕತ್ತರಿ ಕೊಂಡು ಚೀಲ ತುಂಬಿಸಿಟ್ಟಿದ್ಲು. ಕಚೇರಿಯಿಂದ ಫೋನ್ ಬಂದಾಗ ನಾವು ಮೂವರೂ ಅಲ್ಲೇ ಇದ್ವಿ. "ಯಾವ ಕಾರ್ಡು?" ಅಂದ್ಲು. ಆಮೇಲೆ ತುಂಬ ಹೊತ್ತು ಬರೀ "ಹೂಂ... ಹೂಂ..." ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ನನ್ನ ಕೈ ತಾನಾಗೇ ತೋಳಿನ ಮೇಲೆ ಹೋಗಿತ್ತು.

ಫೋನ್ ಇಟ್ಟು ಅವಳು ನನ್ನ ಮುಖ ನೋಡಿದ್ಲು. "ಕೊನೇ ಪುಟದಲ್ಲಿತ್ತಂತೆ ಅಕ್ಕಾ. ನಿನ್ನ ಕಣ್ಣಿಗೇ ಬಿದ್ದಿಲ್ಲ ಅಂದ್ರೆ ಎಷ್ಟು ಚಿಕ್ಕದಾಗಿ ಬರೆದಿರಬೇಕು ಅವರು! ನೀನು ಬೇಜಾರು ಮಾಡ್ಕೋಬೇಡ."

ನಾನು ಬೇಜಾರು ಮಾಡ್ಕೋಬಾರದಂತೆ!

"ಈಗ?" ಕೇಳಿದ್ದು ಕತ್ತರಿಯಮ್ಮ.

"ನಾಳೆ ಸಂಜೆ ಐದರ ತನಕ ಟೈಮ್ ಇದೆ. ನನಗಂತೂ ಆಗಲ್ಲ, ನಾಲ್ಕು ವಾರ ಬೇಕು. ಪಾಸ್‌ಪೋರ್ಟು, ಕಾರ್ಡು ಎರಡೂ ಇರೋ ಇನ್ಯಾರಾದ್ರೂ ಇದ್ರೆ ಹೆಸರು ಬದಲಾಯಿಸಬಹುದಂತೆ. ಇಲ್ದಿದ್ರೆ ಹಣ ಹೋಯ್ತು, ಆ ಹೆಂಗಸರ ತರಗತಿಯೂ ಈ ವರ್ಷ ಇಲ್ಲ." ಸ್ವಲ್ಪ ನಕ್ಕಳು. "ಆ ಕಾರ್ಡು ಸುಮ್‌ಸುಮ್ಮನೆ ಯಾರ ಹತ್ತಿರ ಇರುತ್ತೆ ಬಿಡು." ಆಮೇಲೆ ಕನ್ನಡಕ ತೆಗೆದು, ಹೊಲಿಯೋಕೆ ಇಟ್ಟಿದ್ದ ಹೊದಿಕೆಯಲ್ಲೇ ಕಣ್ಣು ಒರೆಸ್ಕೊಂಡ್ಲು. "ಅವರ ದುಡ್ಡು ಅಕ್ಕಾ. ನಾನು ಮುಟ್ಟಬಾರದಿತ್ತು."

ಆವತ್ತು ರಾತ್ರಿ ಪಾಸ್‌ಪೋರ್ಟು, ಕಾರ್ಡು ಎರಡನ್ನೂ ತೆಗೆದು ಮುಂದಿಟ್ಕೊಂಡು ಕೂತೆ. ಕಾರ್ಡು ತೋರಿಸಿದ್ರೆ ನನ್ನ ಬಣ್ಣ ಬಯಲು. ತೋರಿಸದಿದ್ರೆ ಸತ್ತ ಮೈದುನನ ಹಣ ನೀರುಪಾಲು, ಮಾಡಿದವಳು ಯಾರು ಅಂತ ಯಾವತ್ತೂ ಯಾರಿಗೂ ಗೊತ್ತಾಗಲ್ಲ. ಅತ್ತ ದರಿ, ಇತ್ತ ಪುಲಿ. ಇನ್ನೂ ಒಂದು ಇತ್ತು, ಅದನ್ನೂ ಹೇಳಿಬಿಡ್ತೀನಿ: ಕಾರ್ಡು ತೋರಿಸಿದ್ರೆ ಹೋಗೋಳು ನಾನೇ ಅಂತ ಒಳಗೊಂದು ಆಸೆ ಕಾಲು ಕುಣಿಸ್ತಾ ಕೂತಿತ್ತು.

ಮಾರನೇ ದಿನ ಕೆಲಸ ಶುರುವಾಗೋ ಮುಂಚೆ ಪಾಸ್‌ಪೋರ್ಟು, ಕಾರ್ಡು ಎರಡನ್ನೂ ಅವಳ ಯಂತ್ರದ ಮೇಲಿಟ್ಟೆ. ಅವಳು ಕಾರ್ಡನ್ನ ಹತ್ತಿರ ಹಿಡಿದ್ಲು, ದೂರ ಹಿಡಿದ್ಲು, ದೀಪದ ಕೆಳಗೆ ಹಿಡಿದ್ಲು. ಮೊಹರು ದಪ್ಪ, ತಾರೀಖು ಓದೋಕೆ ಆಯ್ತು. ಅವಳ ತುಟಿ ಆಡಿದ್ದು ಕಂಡೆ. ಹಣ ಕಟ್ಟಿದ ದಿನದ ಮಾರನೇ ದಿನ.

"ನಿನ್ನ ತೋಳು ನೋವು..." ಅಂದ್ಲು.

"ಹೂಂ."

"ನರ ಹಿಡಿದದ್ದಲ್ಲ."

"ಅಲ್ಲ."

ಬೈತಾಳೆ ಅಂತ ಕಾದೆ. ಬೈದಿದ್ರೆ ಎಷ್ಟು ಚೆನ್ನಾಗಿತ್ತು! ನಾನೂ ನಾಲ್ಕು ಮಾತು ಆಡ್ತಿದ್ದೆ, ಹತ್ತೊಂಬತ್ತು ವರ್ಷದ್ದೆಲ್ಲ ಹೊರಗೆ ಬರ್ತಿತ್ತು. ಅವಳು ಫೋನ್ ಒತ್ತಿ, ನನ್ನ ಹೆಸರು, ಪಾಸ್‌ಪೋರ್ಟಿನ ಅಂಕಿ ಎಲ್ಲ ಹೇಳಿದ್ಲು. ಯಾರು ಅಂತ ಅವರು ಕೇಳಿರಬೇಕು. "ನಮ್ಮಕ್ಕ. ನನಗೆ ಹೊಲಿಗೆ ಕಲಿಸಿದವಳು" ಅಂದ್ಲು.

ಹೋದೆ. ಮಧ್ಯಾಹ್ನದ ಊಟ ಸೇರಿಲ್ಲದ ಎಂಟು ವಾರ ಅವಳ ಚೀಲ, ಅವಳ ಕತ್ತರಿ, ಅವಳ ಗಂಡನ ದುಡ್ಡಲ್ಲಿ ಇದ್ದು ಬಂದೆ. ಹನ್ನೊಂದು ಹೆಂಗಸರೂ ಗೆರೆ ತಪ್ಪದೆ ಹೊಲಿಯೋದು ಕಲಿತ್ರು. ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ದಾರ ಗುರುತಿಗೆ ಕೊಟ್ಟೆ. ಒಬ್ಬಳು ನೀಲಿ ಬೇಕು ಅಂತ ಹಟ ಹಿಡಿದ್ಲು. ಅದು ಇನ್ನೊಬ್ಬರದು ಅಂತ ಕೊಡಲಿಲ್ಲ.

ವಾಪಸ್ ಬಂದಾಗ ಆಸ್ಪತ್ರೆಯವರೆಲ್ಲ ಮೆಟ್ಟಿಲ ಮೇಲೆ ನಿಲ್ಲಿಸಿ ಮಾತಾಡಿಸಿದ್ರು. ಡಾಕ್ಟರೂ ಬಗ್ಗಿದ್ರು. ಆ ಕಾರ್ಡಿನ ವಿಷಯ ಅವಳು ಒಂದು ನರಪಿಳ್ಳೆಗೂ ಹೇಳಿರಲಿಲ್ಲ. ಕತ್ತರಿಯಮ್ಮನೂ ತುಟಿ ಬಿಚ್ಚದ ಹಾಗೆ ಮಾಡಿದ್ದಳು. ನನ್ನ ಜೊತೆ ನಗ್ತಾಳೆ, ಚಹದ ಲೋಟ ಕೈಗೆ ಕೊಡ್ತಾಳೆ, "ಅಲ್ಲಿ ಚಳಿ ಇತ್ತಾ ಅಕ್ಕಾ?" ಅಂತ ಕೇಳ್ತಾಳೆ. ಏನೂ ಕಡಿಮೆ ಮಾಡಿಲ್ಲ.

ಆದ್ರೆ ಬೆಳಗ್ಗೆ ಯಂತ್ರದ ಮುಂದೆ ಕೂತಾಗ ನಾನು ಕೈ ಚಾಚಿ ಕಾಯ್ತೀನಿ. ಅವಳು ಸೂಜಿ, ನೀಲಿ ದಾರ ಎರಡನ್ನೂ ತಗೊಂಡು ಎದ್ದು, ಕೋಣೆ ದಾಟಿ, ಕತ್ತರಿಯಮ್ಮನ ಮೇಜಿನ ಹತ್ತಿರ ಹೋಗ್ತಾಳೆ. "ಸ್ವಲ್ಪ" ಅಂತಾಳೆ. ಆ ಕತ್ತರಿಯಮ್ಮನಿಗೆ ಒಂದು ದಾರ ಪೋಣಿಸೋಕೆ ಮೂರು ಸಲ ಬೇಕು. ನಾನಾಗಿದ್ರೆ ಒಂದೇ ಸಲಕ್ಕೆ ಹಾಕ್ತಿದ್ದೆ. ಕತ್ತರಿಯಮ್ಮನ್ನ ಕಂಡ್ರೆ ಈಗ ನನಗೆ ಹೊಟ್ಟೆ ಉರಿಯುತ್ತೆ.