ಕರೆದರೆ ಬರಬಾರದು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗೋಣಿಬಟ್ಟೆಯ ಮುಸುಕನ್ನು ತಲೆಯಿಂದ ಸೊಂಟದವರೆಗೆ ಇಳಿಬಿಟ್ಟುಕೊಂಡ ಹೆಂಗಸೊಬ್ಬಳು ಗೋಡೆಯ ಕಿಂಡಿಯಿಂದ ಒಂದು ಜೀವಂತ ಇಲಿಯನ್ನು ಒಳಗೆ ಬಿಡುತ್ತಾಳೆ. ಆಚೆ ಕಡೆ ತರಗೆಲೆ ಸರಿದ ಸದ್ದು. ಆಕೆ ಉಸಿರು ಬಿಗಿಹಿಡಿದು ನಿಲ್ಲುತ್ತಾಳೆ. ಇಲ್ಲಿ ಕೆಮ್ಮುವುದೂ ತಪ್ಪು.

ತಾಯಿ ಕಳೆದುಕೊಂಡ ಕಾಡುಬೆಕ್ಕಿನ ಮರಿಗಳನ್ನು ಸಾಕಿ ಕಾಡಿಗೆ ಬಿಡುವ ಈ ಕೇಂದ್ರದಲ್ಲಿ ಆಕೆ ಹನ್ನೊಂದು ವರ್ಷದಿಂದ ಆರೈಕೆಯವಳು. ಮರಿ ಮನುಷ್ಯರಿಗೆ ಒಗ್ಗಿಕೊಂಡರೆ ಮುಗಿಯಿತು, ಊರೊಳಗೆ ಬಂದು ಪೆಟ್ಟು ತಿಂದು ಸಾಯುತ್ತದೆ. ಅದಕ್ಕೇ ಮರಿಗಳ ಮುಂದೆ ಮುಖ ತೋರಿಸುವಂತಿಲ್ಲ, ಬಾಯಿ ಬಿಡುವಂತಿಲ್ಲ. ಜೊತೆಯವರು ಆಕೆಯನ್ನು ‘ಮೂಗಕ್ಕ’ ಎಂದೇ ಕರೆಯುತ್ತಾರೆ.

“ಮನೇಲೂ ಹಂಗೇ ಆಗೋಗಿದೀನಿ,” ಎನ್ನುತ್ತಾಳೆ. “ನಮ್ಮೆಜಮಾನ್ರು ಕೇಳ್ತಾರೆ, ನನ್ನನ್ನೂ ಕಾಡಿಗೆ ಬಿಡೋ ಯೋಚನೆ ಇದೆಯೇನೇ ಅಂತ.” ನಗು ತುಟಿಯವರೆಗೆ ಬಂದು ಅಲ್ಲೇ ನಿಲ್ಲುತ್ತದೆ.

ಕಟ್ಟಡದ ಆಚೆ, ಗೇಟಿನ ಬಳಿಯ ಪಂಜರದಲ್ಲಿ ಒಂದು ಮುದಿ ಕಾಡುಬೆಕ್ಕಿದೆ. ಮರಿಯಾಗಿದ್ದಾಗ ಯಾರದೋ ಮನೆಯ ಮಕ್ಕಳು ಎತ್ತಿಕೊಂಡು ಹೋಗಿ ಹಾಲು ಕುಡಿಸಿ ಬೆಳೆಸಿದ್ದು. ದೊಡ್ಡದಾದ ಮೇಲೆ ಮನೆಯವರು ಇಲ್ಲಿ ಬಿಟ್ಟು ಹೋದರು. ಜನರ ದನಿ ಕೇಳಿದರೆ ಓಡಿ ಬರುತ್ತದೆ, ಹಾಗಾಗಿ ಕಾಡಿಗೆ ಬಿಡುವ ಮಾತೇ ಇಲ್ಲ. “ಮುದ್ದು ಮಾಡಿ ಮಾಡೇ ಕೆಡ್ಸಿದ್ದು ಅದನ್ನ. ಚಿಕ್ಕ ಮಕ್ಕಳು, ಯಾರನ್ನಂತ ಬಯ್ಯೋದು?”

ಕಿಂಡಿಯಾಚೆಯ ಮರಿಗೆ ಇವತ್ತು ಪರೀಕ್ಷೆ. ಅದರ ತಾಯಿ ಕೊಯ್ಲಿನ ಯಂತ್ರಕ್ಕೆ ಸಿಕ್ಕಿತ್ತು. ಜೊತೆಗೆ ಹುಟ್ಟಿದ್ದು ಇಲ್ಲಿಗೆ ಬಂದ ವಾರದಲ್ಲೇ ಸತ್ತಿತು. ಉಳಿದ ಇದೊಂದು ಬೇಟೆ ಕಲಿತಿದೆ. ಮನುಷ್ಯರಿಗೆ ಹೆದರಿದರೆ ಸಂಜೆಗೆ ಕಾಡು, ಹತ್ತಿರ ಬಂದರೆ ಸಾಯುವವರೆಗೂ ಪಂಜರ.

ಪಶುವೈದ್ಯರು ಕದ ತೆರೆಯುತ್ತಾರೆ. “ಮೂಗಕ್ಕಾ, ನೀವೇ ಕರೀಬೇಕು. ಅದಕ್ಕೆ ಗೊತ್ತಿರೋದು ನಿಮ್ಮ ವಾಸನೆ ಒಂದೇ. ಶಾಸ್ತ್ರಕ್ಕಲ್ಲ, ಮನಸ್ಸಿಟ್ಟು ಕರೀರಿ.”

ಆಕೆ ಮುಸುಕು ತೆಗೆದು ನೆಲದ ಮೇಲೆ ಕೂರುತ್ತಾಳೆ. ಮರಿ ಬಂದಾಗಿನಿಂದ ಐದು ತಿಂಗಳು ಗಂಟಲಲ್ಲೇ ಇಟ್ಟುಕೊಂಡಿದ್ದ ದನಿ ಹೊರಬರುತ್ತದೆ. “ಬಾ ಕಂದಾ... ಬಾರೋ ನನ್ನಪ್ಪಾ...”

ಮರಿ ಕಿವಿ ಹಿಂದಕ್ಕೆ ಮಡಚಿ, ಹಲ್ಲು ತೋರಿಸಿ ಬುಸುಗುಡುತ್ತದೆ. ಒಂದೇ ನೆಗೆತಕ್ಕೆ ಪೊದೆಯ ಹಿಂದೆ ಮಾಯ.

“ಪಾಸು,” ಎನ್ನುತ್ತಾರೆ ವೈದ್ಯರು.

ಗೇಟಿನ ಕಡೆಯಿಂದ ಕೂಗು ಕೇಳುತ್ತದೆ. ಮುದಿ ಬೆಕ್ಕಿಗೆ ಆ ದನಿ ಮುಟ್ಟಿದೆ. ಸರಳುಗಳಿಗೆ ಮೈ ತಿಕ್ಕುತ್ತ ಒಂದೇ ಸಮನೆ ಕೂಗುತ್ತಿದೆ.

ಮೂಗಕ್ಕ ಗೋಣಿಬಟ್ಟೆಯಲ್ಲೇ ಮುಖ ಒರೆಸಿಕೊಳ್ಳುತ್ತಾಳೆ. “ನನ್ನ ಕಂಡ್ರೆ ಆಗಲ್ಲ ಮರಿಗೆ, ನೋಡಿದ್ರಾ? ಇನ್ನೊಂದ್ಸಲ ಅದರ ಮುಖ ನೋಡೋ ಹಂಗಾಗದಿದ್ರೆ ಸಾಕು ನಂಗೆ.”

ಆಮೇಲೆ ಎದ್ದು ಗೇಟಿನ ಕಡೆ ನಡೆಯುತ್ತಾಳೆ. ಅಲ್ಲಿ ಮಾತಾಡಬಹುದು.