ಹೊಸಬ ಬಾಬಣ್ಣ
ಚೆನ್ನೈನ ವಡಪಳನಿಯ ನಮ್ಮ ಉಡುಪಿ ಹೋಟೆಲಿನ ಸಪ್ಲಾಯರ್ ಬಾಬಣ್ಣ ಕುಂದಾಪುರದ ಕಡೆಯವರು. ಮೂವತ್ತು ವರ್ಷದಿಂದ ಅಲ್ಲೇ ಇದ್ದಾರೆ. ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಾರೆ, ಅದೂ ಮಗುವಿನ ಮುಖ ಒರೆಸುವಷ್ಟು ಜೋಪಾನವಾಗಿ. ಸಿನಿಮಾ ನಿರ್ದೇಶಕ ಬರಲಿ, ಗುಂಪಿನ ದೃಶ್ಯದಲ್ಲಿ ನಿಲ್ಲುವ ಬಡ ನಟ ಬರಲಿ, ಇಡ್ಲಿ ತಟ್ಟೆಯನ್ನು ಎರಡೂ ಕೈಯಿಂದಲೇ ಇಡುತ್ತಾರೆ. ಕಾಫಿ ಮುಂದಿಟ್ಟುಕೊಂಡು ಯಾರಾದರೂ ಮೊಬೈಲ್ ನೋಡಿದರೆ ಮಾತ್ರ, "ಹ್ವಾಯ್, ಕಾಫಿ ಆರ್ತ್ ಕಾಣಿ!" ಎಂದು ಪಕ್ಕದ ಗುಡಿಯೊಳಗಿನ ಮುರುಗನೂ ಬೆಚ್ಚುವಂತೆ ಕೂಗುತ್ತಾರೆ. ಅಲ್ಲಿಗೆ ದಿನಾ ಬೆಳಿಗ್ಗೆ ದೊರೈಸಾಮಿ ಎಂಬ ವಯಸ್ಸಾದವರೊಬ್ಬರು ಬರುತ್ತಾರೆ. ಸಿನಿಮಾ ಸ್ಟುಡಿಯೋದಲ್ಲಿ ಮೇಕಪ್ ಮಾಡುತ್ತಿದ್ದವರು, ಈಗ ನೆನಪು ನಿಲ್ಲುವುದಿಲ್ಲ. ದಿನಾ ತಮಿಳಿನಲ್ಲಿ ಒಂದೇ ಮಾತು ಕೇಳುತ್ತಾರೆ: "ನೀನು ಯಾರಪ್ಪಾ? ಹೊಸಬನಾ?" ನನ್ನ ಝೆನ್ ಗುರುಗಳು ಧ್ಯಾನಕ್ಕೆಂದು ಕೊಟ್ಟ ಪ್ರಶ್ನೆಯೂ 'ನೀನು ಯಾರು?' ಎಂಬುದೇ, ಆರು ತಿಂಗಳಾದರೂ ನನಗೆ ಉತ್ತರ ಹೊಳೆದಿಲ್ಲ. ಬಾಬಣ್ಣ ಮಾತ್ರ ಒಂಚೂರೂ ತಡವರಿಸದೆ, "ಹೌದು ಸಾರ್, ಬಾಬು ಅಂತ. ಇವತ್ತೇ ಸೇರಿದ್ದು," ಅನ್ನುತ್ತಾರೆ. ಮೊನ್ನೆ ಕ್ಯಾಷಿಯರ್ ತಡೆಯಲಾರದೆ, "ಮೂವತ್ತು ವರ್ಷದಿಂದ ನಿಮಗೆ ಕಾಫಿ ಕೊಡ್ತಿರೋದು ಇವರೇ ಸಾರ್," ಎಂದುಬಿಟ್ಟ. ದೊರೈಸಾಮಿಯವರ ಮುಖ ಬಾಡಿತು, ಕೈಯಲ್ಲಿದ್ದ ಲೋಟವನ್ನು ಹಾಗೇ ಕೆಳಗಿಟ್ಟರು. ಬಾಬಣ್ಣ ಆ ಕೈಯನ್ನು ಮೆಲ್ಲಗೆ ಹಿಡಿದು, "ಅದು ಹಳೇ ಬಾಬು ಸಾರ್. ನಾನು ಹೊಸಬ," ಎಂದರು. ದೊರೈಸಾಮಿ ಗೆಲುವಾದರು. "ಹಾಗಾದ್ರೆ ಕಲಿತುಕೋ, ನನಗೆ ಸಕ್ಕರೆ ಕಮ್ಮಿ ಇರಬೇಕು." ಬಾಬಣ್ಣ ಮೊದಲ ಸಲ ಕೇಳುವವರ ಹಾಗೆ ಪೂರ್ತಿ ಕಿವಿಗೊಟ್ಟು ನಿಂತರು; ನೋಡುತ್ತಿದ್ದ ನನಗೆ ಅದು ನಟನೆ ಅನ್ನಿಸಲೇ ಇಲ್ಲ.