ಮಗಳು ರಾಗಿ ಸರಿ ತಿಂದ ದಿನ

ನನ್ನ ಮಗಳು ಮೊದಲ ಸಲ ರಾಗಿ ಸರಿ ತಿಂದ ದಿನವನ್ನು ನೆನೆದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಯುದ್ಧದ ಕಾಲ. ಬಾಣಂತನಕ್ಕೆ ಅರಕಲಗೂಡಿನ ತವರಿಗೆ ಬಂದವಳು ಇನ್ನೂ ಅಲ್ಲೇ ಇದ್ದೆ. ಮಗುವಿಗೆ ಆರು ತಿಂಗಳು ತುಂಬುವ ಹೊತ್ತಿಗೆ ನನಗೆ ಚಳಿಜ್ವರ ಬಂತು. ಜ್ವರ ಬಿಟ್ಟಾಗ ಎದೆಹಾಲೂ ಇಳಿದುಹೋಗಿತ್ತು. ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ಎಂದು ಅವ್ವ ಹೊತ್ತು ಹೊತ್ತಿಗೆ ತಿನ್ನಿಸಿದಳು. ನನ್ನ ಬೆವರು ಒಗ್ಗರಣೆ ವಾಸನೆ ಹೊಡೆಯಿತೇ ಹೊರತು ಹಾಲು ಹೆಚ್ಚಲಿಲ್ಲ.

ಹಸುವಿನ ಹಾಲು ಕೊಟ್ಟರೆ ಮಗಳು ಫೂ ಎಂದು ಉಗಿಯುತ್ತಿದ್ದಳು. ಅವಳ ತೊಡೆಯ ಮಡಿಕೆಗಳು ಸಡಿಲಾಗುತ್ತಿದ್ದವು. ನನಗೆ ಭಯ ಹತ್ತಿತು.

"ಇನ್ನು ಸರಿ ಉಣ್ಸದೇಯ ಕಣವ್ವ," ಎಂದು ಅವ್ವ ರಾಗಿ ನೆನೆಹಾಕಿದಳು. ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಘಮ್ಮೆನ್ನುವಂತೆ ಹುರಿದು, ಬೀಸಿ, ಅಪ್ಪನ ಹಳೇ ಪಂಚೆಯಲ್ಲಿ ಸೋಸಿದಳು. ಪಂಚೆಯ ಕೆಳಗೆ ಉದುರಿದ ಹಿಟ್ಟು ಮುಖಕ್ಕೆ ಹಚ್ಚಿಕೊಳ್ಳುವಷ್ಟು ನಯ. ಮೊದಲ ತುತ್ತಿಗೆ ತಾವೇ ಇರಬೇಕೆಂದು ಅತ್ತೆ ಚನ್ನರಾಯಪಟ್ಟಣದಿಂದ ಪೆಟ್ರೋಲ್ ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಮೂಗು ಕಪ್ಪಗೆ ಮಾಡಿಕೊಂಡು ಬಂದಿಳಿದರು.

ಅತ್ತೆಯ ಅಭಿಮಾನವೆಲ್ಲ ಒಂದು ಬೆಳ್ಳಿಯ ಒಳಲೆಯ ಮೇಲೆ. ಹಸುಗೂಸಿನ ಬಾಯಿಗೆ ಹಾಲು ಹೊಯ್ಯುವ, ಮೂತಿ ಚೂಪಾದ ಪುಟ್ಟ ಪಾತ್ರೆ ಅದು. ತೊಟ್ಟಿಲು ಶಾಸ್ತ್ರದಲ್ಲಿ ಅವರೇ ಕೊಟ್ಟಿದ್ದರು. "ನನ್ ಮಗ ಇದ್ರಾಗೇ ಕುಡ್ದು ಎಂಗ್ ಬೆಳ್ದವ್ನೆ ನೋಡಿ ಬೀಗ್ತೀರೆ," ಎನ್ನುತ್ತ ಕಾಲು ನೀಡಿ ಕೂತು, ಕೂಸನ್ನು ಮಲಗಿಸಿಕೊಂಡರು. ತುಪ್ಪ ಬಿಟ್ಟ ತೆಳ್ಳನೆ ಸರಿಯನ್ನು ಒಳಲೆಗೆ ತುಂಬಿ ತುಟಿಗೆ ಹಿಡಿದರು. ಮಗಳು ಬಾಯಿಗೆ ಬೀಗ ಹಾಕಿದಳು. ಸರಿ ಕೆನ್ನೆಯ ಮೇಲೆ ಹರಿದು ಕಿವಿಗೆ ಇಳಿಯಿತು.

"ದೃಷ್ಟಿಯಾಗ್ಯದೆ ಕಣ್ರೀ!" ಎಂದು ಅತ್ತೆ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದರು. ಮನೆಮಂದಿಯೆಲ್ಲ ಕೆಮ್ಮಿದೆವು. ಮಗು ಕೆಮ್ಮಲು ಬಾಯಿ ತೆರೆದದ್ದೇ ತಡ, ಅತ್ತೆ ಒಳಲೆ ಹಿಡಿದು ನುಗ್ಗಿದರು. ಸರಿ ಅವರ ಸೆರಗಿನ ಮೇಲೇ ವಾಪಸು ಬಂತು. ನಗಬೇಕೋ ಅಳಬೇಕೋ ತಿಳಿಯದೆ ನಾನು ಅತ್ತೇಬಿಟ್ಟೆ.

ಅವ್ವ ಒಳಲೆ ತೊಳೆಯಲು ಬಚ್ಚಲಿಗೆ ಹೋದಳು. ಮಗಳು ತಣ್ಣಗಾದಳು, ಬಟ್ಟಲಲ್ಲಿದ್ದ ಸರಿಯನ್ನೇ ನೋಡಿದಳು. ಅವ್ವ ತೊಳೆದು ತಂದಳು. ಬರಿದಾದ ಒಳಲೆ ಬಾಗಿಲಲ್ಲಿ ಫಳಕ್ಕನೆ ಹೊಳೆಯಿತಷ್ಟೆ, ಮಗಳು ತುಟಿ ಬಿಗಿದಳು!

ನನಗೆ ಥಟ್ಟನೆ ಅರ್ಥವಾಯಿತು. ಪ್ರತಿ ವಾರ ಎಣ್ಣೆನೀರಿನ ದಿನ ಹೊಟ್ಟೆ ಸಾಫಾಗಲೆಂದು ಅವ್ವ ಹರಳೆಣ್ಣೆ ಕುಡಿಸುತ್ತಿದ್ದದ್ದು ಇದೇ ಒಳಲೆಯಲ್ಲಿ! ಬೀಗರು ಕೊಟ್ಟ ಬೆಳ್ಳಿಯೆಂಬ ಹೆಮ್ಮೆಗೆ ಬಜೆ ತೇಯ್ದು ಹಾಕಿದ್ದೂ ಅದರಲ್ಲೇ, ಹಸುವಿನ ಹಾಲು ಕೊಟ್ಟಿದ್ದೂ ಅದರಲ್ಲೇ.

"ಅವ್ವಾ, ಅದ್ನ ಮುಚ್ಚಿಡು, ಬೇಗ!" ಎಂದು ಕೂಗಿದೆ. ಮಗಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡೆ. ಬೆರಳ ತುದಿಯಲ್ಲಿ ಸರಿ ತೆಗೆದು ತುಟಿಗೆ ಸವರಿದೆ. ನಾಲಿಗೆ ಹೊರಬಂತು, ಒಳಹೋಯಿತು. ಹುಬ್ಬು ಮೇಲೇರಿತು. ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದು ಬಾಯಿಗೆ ಎಳೆದುಕೊಂಡಳು.

"ತಿಂದ್ಲು! ತಿಂದ್ಲು ಕಣ್ರವ್ವ!" ಅವ್ವ ಬೀದಿಗೆ ಕೇಳುವಂತೆ ಕೂಗಿದಳು.

ಅತ್ತೆ ಅವ್ವನ ಕೈಯಿಂದ ಒಳಲೆ ತೆಗೆದುಕೊಂಡು ಮೂಸಿ ನೋಡಿದರು. ಹರಳೆಣ್ಣೆ ವಾಸನೆ. "ಅಯ್ಯೋ ಬೀಗ್ತೀರೆ, ನನ್ ಬೆಳ್ಳಿ ಒಳಲೆನ ಗಾಣ ಮಾಡ್ಬುಟ್ರಾ!" ಎಂದು ಬೈಯಲು ಹೋಗಿ, ನಕ್ಕು, ತಮ್ಮ ಬೆರಳನ್ನೂ ಬಟ್ಟಲಿಗೆ ಅದ್ದಿದರು.

ಬಟ್ಟಲು ಬರಿದಾಯಿತು. ಮಗಳು ಒಂದು ದೊಡ್ಡ ತೇಗು ತೇಗಿದಳು. ನನ್ನ ಭಯವೆಲ್ಲ ಹಾರಿಹೋಯಿತು. ಜೊತೆಗೇ ಒಂದು ಸಣ್ಣ ಸಂಕಟ: ಹೊಟ್ಟೆ ತುಂಬಿಸಲು ಇವಳಿಗೆ ಇನ್ನು ನಾನು ಬೇಕಿಲ್ಲವಲ್ಲ.

ಅಷ್ಟರಲ್ಲಿ ಅವಳು ಸರಿ ಮೆತ್ತಿದ ಮುಖವನ್ನು ನನ್ನ ಕುಪ್ಪಸಕ್ಕೆ ಉಜ್ಜಿದಳು. ಎದೆಗೆ ಹಚ್ಚಿದೆ. ಹಾಲು ಹೆಚ್ಚಿರಲಿಲ್ಲ, ಅವಳು ಅಳಲೂ ಇಲ್ಲ. ಎರಡು ಗುಟುಕು ಚೀಪಿ, ಬಿಟ್ಟು, ನನ್ನ ಮುಖ ನೋಡಿ ನಕ್ಕು, ಮತ್ತೆ ಬಾಯಿ ಹಾಕಿದಳು.